ಹೊಕ್ಕುಳಬಳ್ಳಿಯಲ್ಲೊಂದು ಗಂಟು

ಕುಂದಾಪುರದ ಪಕ್ಕದ ಕೋಡಿಯ ಲೀಲಾಧರನಿಗೆ ಬಾಯಿ ಮುಚ್ಚಿಕೊಂಡಿರು ಎಂದರೆ ಇದ್ದಾನು, ಹೊಟ್ಟೆ ಕಟ್ಟಿಕೊಂಡಿರು ಎಂದರೂ ಇದ್ದಾನು. ಕೈ ಕಟ್ಟಿಕೊಂಡಿರು ಎಂದರೆ ಮಾತ್ರ ಅದು ಈ ಜನ್ಮದಲ್ಲಿ ಆಗದ ಮಾತು. ಕಡಲಿಗೆ ಹೋಗುವುದನ್ನು ಬಿಟ್ಟ ಮೇಲೆ ಅವನ ಜೀವವೆಲ್ಲ ಬೆರಳಿಗೆ ಬಂದು ಕೂತಿತ್ತು. ಬೆಳಿಗ್ಗೆ ಗಂಜಿ ಉಂಡು, ಜಗಲಿಯ ಕಂಬಕ್ಕೆ ಹರಿದ ಬಲೆಯ ಒಂದು ತುದಿ ಸಿಕ್ಕಿಸಿ, ಕಾಲು ಚಾಚಿ ಕೂತನೆಂದರೆ ಮಧ್ಯಾಹ್ನ ಒಳಗಿನಿಂದ ಮೀನುಸಾರಿನ ಪರಿಮಳ ಬರುವವರೆಗೆ ಅಲ್ಲಾಡುತ್ತಿರಲಿಲ್ಲ. ಊರಿನ ಅರ್ಧದಷ್ಟು ದೋಣಿಗಳ ಬಲೆ ರಿಪೇರಿಯಾಗುವುದು ಅವನ ಕೈಯಲ್ಲೇ. ಅಂಥವನ ಕೈಯಿಂದ 2012ರ ದೀಪಾವಳಿ ಕಳೆದದ್ದೇ ಹೆಂಡತಿ ಗಿರಿಜಾ ಬಲೆ, ನೂಲು, ಸೂಜಿ ಎಲ್ಲ ಕಿತ್ತುಕೊಂಡು ಅಟ್ಟಕ್ಕೆ ಹಾಕಿಬಿಟ್ಟಳು.

ಕಾರಣ ಇಷ್ಟೇ. ಏಳು ತಿಂಗಳು ತುಂಬಿದ ಮಗಳು ಶರಣ್ಯಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು.

"ಬಸ್ರಿ ಇಪ್ಪು ಮನಿಯಗೆ ಗಂಟ್ ಹಾಕೂಕಾಗ. ಮಗಿನ ಬಳ್ಳಿಗೆ ಗಂಟ್ ಬೀಳತ್ತ್," ಎಂದಳು ಗಿರಿಜಾ. "ನಮ್ಮಬ್ಬಿ ಹೇಳಿದ್ದ್."

"ನಿನ್ನಬ್ಬಿ ಸತ್ತ್ ಯಾವ ಕಾಲ ಆಯ್ತ್, ಮಾರಾಯ್ತಿ!"

"ಸತ್ರೂ ಹೇಳ್ದದ್ ಹೇಳ್ದದ್ದೇ."

ಗಿರಿಜಾಳ ತವರಿನಲ್ಲಿ ಇದು ಅವಳ ತಾಯಿಗೂ ಹಿಂದಿನಿಂದ ಬಂದ ಕಟ್ಟುನಿಟ್ಟು. ಅವಳ ಮುಂದೆ ವಾದ ಮಾಡಿ ಗೆದ್ದವರು ಈ ಕೇರಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮಗಳಾದರೂ ತನ್ನ ಪರವಾಗಿ ಒಂದು ಮಾತಾಡಿಯಾಳು ಎಂದು ಲೀಲಾಧರ ಆಸೆಯಿಂದ ನೋಡಿದರೆ, ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು. ದೊಡ್ಡ ಓದು ಓದಿದವಳು ಬೇರೆ! ಗಂಡ ಅಜಿತ್ ಬ್ರಹ್ಮಾವರದಲ್ಲಿ ಬೇಕರಿ ಇಟ್ಟವನು. ಅವಳು ಉಡುಪಿ ಕಡೆಯ ಒಂದು ಲ್ಯಾಬಿನಲ್ಲಿ ಸಂಶೋಧನೆ ಮಾಡುವವಳು. ಅಳಿಯ ಬನ್ನು ಮಾಡುತ್ತಾನೆ ಎಂದು ಯಾರಿಗಾದರೂ ಹೇಳಬಹುದಿತ್ತು. ಮಗಳು ಮಾಡುವುದು ಏನು ಎಂದು ಕೇಳಿದವರ ಮುಂದೆ ಲೀಲಾಧರ ಇಷ್ಟು ವರ್ಷ ಕೆಮ್ಮುತ್ತಲೇ ಬಂದಿದ್ದ.

ಈಗ ಕೈಗೆ ಕೆಲಸವಿಲ್ಲ, ಮಗಳು ಎದುರಿಗೇ ಕೂತಿದ್ದಾಳೆ. ಕೇಳಿಯೇಬಿಟ್ಟ.

"ಅಪ್ಪಯ್ಯ, ನಮ್ ಮೈಯೊಳ್ಗೆ ಒಂದ್ ನೂಲಿತ್ತ್," ಎಂದು ಅವಳು ಶುರು ಮಾಡಿದಳು. "ಸಕ್ರೆದ್ದೇ ನೂಲ್. ಹಯಲುರೊನಾನ್ ಅಂತ ಹೆಸ್ರ್. ಮಂಡಿಯಗೂ ಇತ್ತ್, ಕಣ್ಣಗೂ ಇತ್ತ್, ಚರ್ಮದಗೂ ಇತ್ತ್."

"ಸಿಹಿಯಾ?"

"ನೆಕ್ಕಿ ಕಾಣ್ಲಿಲ್ಲೆ ನಾನ್! ಕೇಣಿ ಇಲ್ಲಿ, ಆ ನೂಲ್ ನೀರ್ ಕುಡಿತ್ತ್. ತನ್ ತೂಕಕ್ಕಿಂತ ಎಷ್ಟೋ ಪಾಲ್ ಜಾಸ್ತಿ ನೀರನ್ನ ಸುತ್ತ ಇಟ್ಕಂತ್ತ್. ಆದ್ರೆ ಬರೀ ನೂಲಿದ್ರೆ ನೀರ್ ಸಮೇತ ಹರ್ದ್ ಹೋತ್ತ್. ಅದನ್ನ್ ಹಿಡ್ದ್ ನಿಲ್ಸುಕೆ ಪ್ರೋಟೀನ್ ಬೇಕ್. ಯಾವ ಪ್ರೋಟೀನ್ ಎಲ್ ಹಿಡಿತ್ತ್, ಎಷ್ಟ್ ಗಟ್ಟಿ ಹಿಡಿತ್ತ್, ಯಾವಾಗ ಕೈ ಬಿಡತ್ತ್, ಅದನ್ ಕಾಂಬುದೇ ನನ್ ಕೆಲ್ಸ."

ಲೀಲಾಧರ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. "ನೂಲಿತ್ತ್, ನೂಲನ್ನ್ ಹಿಡ್ಕಂಬುದಿತ್ತ್. ಅಂದ್ರೆ ಮೀನ್ ಬಲಿ."

"ಬಲಿಯೇ ಅಂತ ಇಟ್ಕಣಿ. ನಿಮ್ ಬಲಿ ನೀರ್ ಬಿಟ್ಟ್ ಮೀನ್ ಹಿಡಿತ್ತ್. ಇದ್ ನೀರನ್ನೇ ಹಿಡಿತ್ತ್."

ನೀರು ಹಿಡಿಯುವ ಬಲೆ! ಲೀಲಾಧರನಿಗೆ ಆ ದಿನ ಅನ್ನ ಎರಡು ತುತ್ತು ಜಾಸ್ತಿಯೇ ಸೇರಿತು. ಮರುದಿನ ಕೇರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ನಮ್ ಹೆಣ್ಣೂ ಬಲಿ ಕೆಲ್ಸವೇ ಮಾಡುದ್, ಗೊತ್ತಿತ್ತಾ?" ಎಂದು ಹೇಳಿ ಬಂದ. ಅವಳು ಆಸ್ಪತ್ರೆಗಳಿಂದ ಬಾಣಂತಿಯರು ಬೇಡವೆಂದು ಬಿಟ್ಟ ಹೊಕ್ಕುಳಬಳ್ಳಿಗಳನ್ನು ತರಿಸಿ ಅವುಗಳಿಂದಲೇ ಈ ನೂಲನ್ನು ತೆಗೆಯುವುದು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅದನ್ನು ಕೇಳಿದ ಗಿರಿಜಾ ಕಿವಿ ಮುಚ್ಚಿಕೊಂಡಿದ್ದಳು.

ಹೆಮ್ಮೆಯೇನೋ ಸರಿ, ಆದರೆ ಬೆರಳು ಕೇಳಬೇಕಲ್ಲ! ಲೀಲಾಧರ ತೆಂಗಿನಗರಿ ಸೀಳಿ ಅಂಗಳ ಗುಡಿಸಲು ಹಿಡಿಸೂಡಿ ಮಾಡಹೊರಟ. ಕಟ್ಟುವ ಹೊತ್ತಿಗೆ ಗಿರಿಜಾ, "ಹ್ವಾಯ್, ಅದೂ ಗಂಟೇ," ಎಂದು ಕಸಿದುಕೊಂಡಳು. ಪಂಚೆಯ ಗಂಟು ಬಿಟ್ಟರೆ ಬೇರೆ ಯಾವ ಗಂಟಿಗೂ ಮನೆಯಲ್ಲಿ ಪರವಾನಗಿ ಇರಲಿಲ್ಲ. ಊಟಕ್ಕೆ ಕೂತಲ್ಲೂ ಅವನ ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ಏನನ್ನೋ ಸುತ್ತುತ್ತಿದ್ದವು.

ಕಡೆಗೆ ಅವನಿಗೊಂದು ದಾರಿ ಹೊಳೆಯಿತು. ಗಿರಿಜಾ ಹೇಳಿದ್ದು ಬಸುರಿ ಇರುವ ಮನೆಯಲ್ಲಿ ಎಂದು. ಗಂಗೊಳ್ಳಿ ಬಂದರು ಮನೆಯಲ್ಲವಲ್ಲ! ಮೇಲಾಗಿ ನಡುವೆ ಅಷ್ಟಗಲದ ಹೊಳೆ ಬೇರೆ ಇದೆ. ದೋಷಕ್ಕೆ ಈಜು ಬರುತ್ತದೆಯೇ?

ಅಂತೂ ಲೀಲಾಧರ ಹೊಳೆ ದಾಟಿದ. ಗಂಗೊಳ್ಳಿಯಲ್ಲಿ ಅವನ ಹಳೆಯ ಜೊತೆಗಾರ ಚಂದು ಹರಿದ ಕಂತಬಲೆಯ ರಾಶಿಯ ನಡುವೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ದೇವರು ಬಂದ ಹಾಗಾಯಿತು ಅವನಿಗೆ. ಲೀಲಾಧರ ಒಂದು ಮಾತೂ ಆಡದೆ ಸೂಜಿ ತೆಗೆದುಕೊಂಡು ಕೂತ. ಮೊದಲ ಗಂಟು ಬಿಗಿದಾಗ ಮೈಯೆಲ್ಲ ಹಗುರಾಯಿತು. ಆಮೇಲೆ ಅದೇ ರೂಢಿಯಾಯಿತು. ಮನೆಯಲ್ಲಿ ಹೇಳುವುದು, ಬಸ್ರೂರಿನ ಗೆಳೆಯ ಪ್ರೇಮಾನಂದನಿಗೆ ಹುಷಾರಿಲ್ಲ, ನೋಡಿಕೊಂಡು ಬರುತ್ತೇನೆ ಎಂದು.

"ಅದೆಂತ ಕಾಯಿಲೆ ಮಾರ್ರೆ, ಗುಣವೂ ಆಪ್ದಲ್ಲ, ಸಾವ್ದೂ ಅಲ್ಲ?" ಎಂದು ಗಿರಿಜಾ ಒಮ್ಮೆ ಕೇಳಿದಳು.

"ಬಿಡ್ತ್ ಅನ್! ಗುಣ ಆತಾ ಇತ್ತ್. ಇವತ್ತೊಂದ್ ಕಂಡ್ಕಂಡ್ ಬತ್ತೆ," ಎಂದು ಲೀಲಾಧರ ಚಪ್ಪಲಿ ಮೆಟ್ಟಿದ.

ಜನವರಿಯ ಮೊದಲ ವಾರ, ಹೊತ್ತು ಏರಿದ ಮೇಲೆ ಶರಣ್ಯಾಳಿಗೆ ನೋವು ಬಂತು. ಅಜಿತನ ಓಮ್ನಿಯಲ್ಲಿ ಲೀಲಾಧರನ ಜೊತೆ ಅವಳನ್ನು ಕುಂದಾಪುರದ ನರ್ಸಿಂಗ್ ಹೋಮಿಗೆ ಕಳಿಸಿ, ಗಿರಿಜಾ ಹಿಂದೆ ಉಳಿದು ಮನೆಯ ಪೆಟ್ಟಿಗೆ, ಡಬ್ಬ, ಬೀಗ ಎಲ್ಲ ತೆರೆದಿಟ್ಟಳು. ಹೆರುವ ಹೊತ್ತಿಗೆ ಮನೆಯಲ್ಲಿ ಯಾವುದೂ ಕಟ್ಟಿಕೊಂಡಿರಬಾರದಂತೆ. ಬಟ್ಟೆ ಹರವುವ ಹಗ್ಗವನ್ನೂ ಬಿಚ್ಚಿದ್ದರಿಂದ ಒಗೆದ ಬಟ್ಟೆಯೆಲ್ಲ ಮರಳಿಗೆ ಬಿತ್ತು. ಹಾಗೇ ಬಿಟ್ಟು, ತಲೆಗೂದಲು ಬಿಚ್ಚಿಕೊಂಡೇ ರಿಕ್ಷಾ ಹತ್ತಿದಳು.

ಅವಳು ತಲುಪುವಷ್ಟರಲ್ಲಿ ಆಸ್ಪತ್ರೆಯಲ್ಲಿ ಗಡಿಬಿಡಿ. ಮಗುವಿನ ಎದೆಬಡಿತ ಇಳಿಯುತ್ತಿದೆ, ಈಗಿಂದೀಗಲೇ ಆಪರೇಷನ್ ಆಗಬೇಕು ಎಂದು ಡಾಕ್ಟರ್ ಕುಸುಮಾವತಿ ಒಳಗೆ ಹೋಗಿಯಾಗಿತ್ತು. ಲೀಲಾಧರ ಬಾಗಿಲ ಹೊರಗೆ ಬೆಂಚಿನಲ್ಲಿ ಕೂತು ಬರೀ ಬೆರಳು ನೋಡಿಕೊಳ್ಳುತ್ತಿದ್ದ. ಕೊನೆಗೆ ಡಾಕ್ಟರು ಹೊರಗೆ ಬಂದರು. ಮುಖದಲ್ಲಿ ನಗು ಇತ್ತು.

"ಹೆಣ್ಣು ಮಗು. ಸ್ವಲ್ಪ ತಡೆದು ಅತ್ತಳು, ಆದರೆ ಚೆನ್ನಾಗಿ ಅತ್ತಳು. ಸಂಜೆವರೆಗೆ ನಮ್ಮ ಕಣ್ಣೆದುರಿಗೇ ಇರಲಿ. ಇಬ್ಬರೂ ಕ್ಷೇಮ." ಆಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ತೋರಿಸಿದರು. "ಇದನ್ನು ನೋಡಿ. ಹೊಕ್ಕುಳಬಳ್ಳಿಗೆ ಗಂಟು ಬಿದ್ದಿತ್ತು. ನೋವು ಬಂದು ಮಗು ಕೆಳಗಿಳಿಯುವಾಗ ಅದು ಬಿಗಿಯುತ್ತಾ ಬಂದಿದೆ. ಇಂಥದ್ದನ್ನು ನಾನು ನೋಡಿದ್ದೇ ಅಪರೂಪ."

ಬೆಳ್ಳಗೆ, ದಪ್ಪಗೆ, ಹೊಳೆಯುವ ಬಳ್ಳಿ. ಅದರ ನಡುವೆ ಒಂದು ಗಂಟು. ಲೀಲಾಧರ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಅಯ್ಯೋ ದೇವ್ರೇ, ಗಂಟಾ?" ಗಿರಿಜಾ ಎದೆಗೆ ಕೈಯಿಟ್ಟುಕೊಂಡಳು. "ನಮ್ ಮನಿಯಗೆ ಯಾರೂ ಒಂದ್ ಗಂಟ್ ಹಾಕ್ಲಿಲ್ಲ ಡಾಕ್ಟ್ರೇ! ನಾನೇ ಕಾದ್ಕಂಡಿದ್ದೆ. ಇವ್ರ್ ಪಾಪ, ಬಲಿ ಮುಟ್ಲೇ ಇಲ್ಲ."

ಆ 'ಪಾಪ' ಎಂಬ ಮಾತು ಕೇಳಿ ಲೀಲಾಧರ ಫೋಟೋದಿಂದ ಮುಖ ತಿರುಗಿಸಿದ.

ಅಂದಿನಿಂದ ಅವನು ಮಗುವನ್ನು ಮುಟ್ಟಲಿಲ್ಲ. ಮೊದಮೊದಲು ಯಾರಿಗೂ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ನರ್ಸು ಕೊಡಬಂದಾಗ ಶೀತ ಎಂದ. ಮನೆಗೆ ಬಂದ ಮೇಲೆ ಕೈ ಮೀನುನಾತ ಎಂದ. ಆಮೇಲೆ, ಹೆರಿಗೆಯ ಅಮೆ ಕಳೆಯಲಿ, ಶುದ್ಧವಾದ ಮೇಲೆ ಎತ್ತುತ್ತೇನೆ ಎಂದ. ಆದರೆ ಅವನ ಕಣ್ಣು ಮಗುವನ್ನು ಬಿಟ್ಟು ಕದಲುತ್ತಿರಲಿಲ್ಲ. ಗಿರಿಜಾ ಮಗುವಿಗೆ ಬಿಸಿನೀರು ಹೊಯ್ಯುವಾಗ ಬಾಗಿಲ ಸಂದಿಯಲ್ಲಿ ನಿಂತು ಇಣುಕುವನು. ಆ ಕೆಂಪು ಪಾದಗಳು ನೀರಿನಲ್ಲಿ ಒದೆಯುವುದನ್ನು ನೋಡಿ ಮುಖವರಳುವುದು, ಮರುಗಳಿಗೆ ಬಾಡುವುದು. ಮಗು ಅತ್ತರೆ ಜಗಲಿಯಲ್ಲಿ ಕೂತವನು ಎದ್ದು ನಿಲ್ಲುವನು, ಒಳಗೆ ಮಾತ್ರ ಬಾರನು. ಗಂಗೊಳ್ಳಿಗೂ ಹೋಗಲಿಲ್ಲ. ಚಂದು ಹೇಳಿ ಕಳಿಸಿದರೆ, ಇನ್ನು ನನ್ನ ಕೈಯಲ್ಲಿ ಬಲೆ ಕಟ್ಟಲಾಗದು ಎಂದುಬಿಟ್ಟ.

ಶರಣ್ಯಾಳ ಮನಸ್ಸು ಮುರಿಯಿತು. ಚಿಕ್ಕಂದಿನಲ್ಲಿ ತನ್ನನ್ನು ಹೆಗಲಿನಿಂದ ಇಳಿಸದ ಅಪ್ಪಯ್ಯ ಇವನೇನಾ? ಒಂದು ಮಧ್ಯಾಹ್ನ ಅಮ್ಮನ ಹತ್ತಿರ ಅತ್ತೇಬಿಟ್ಟಳು. "ಅಪ್ಪಯ್ಯಂಗೆ ನನ್ ಮಗು ಕಂಡ್ರೆ ಆಪ್ದಿಲ್ಲ ಅಮ್ಮ. ಎಂತ ಅಂತ ಹೇಳುದಾರೂ ಬ್ಯಾಡ್ದಾ?" ಲೀಲಾಧರ ಅದನ್ನು ಗೋಡೆಯಾಚೆಯಿಂದ ಕೇಳಿದ. ಬಾಯಿ ಬಿಟ್ಟರೆ ಗಿರಿಜಾ ಮುಖ ನೋಡಳು, ಬಿಡದಿದ್ದರೆ ಮಗಳು ದೂರವಾಗುತ್ತಾಳೆ. ಎರಡೂ ಬೇಡವೆಂದು ಅವನು ಕಡಲ ದಂಡೆಗೆ ಹೋಗಿ ಒಬ್ಬನೇ ಕೂತ.

ಹಾಗೆ ಕೂತು ಎಷ್ಟು ದಿನ ತಪ್ಪಿಸಿಕೊಳ್ಳಲಾದೀತು! ಅಮೆ ಕಳೆದು ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬಂದೇ ಬಂತು. ಆ ಮನೆಯ ಪದ್ಧತಿಯಂತೆ ಅಂದು ಮಗುವಿನ ಸೊಂಟಕ್ಕೆ ಕರಿನೂಲಿನ ಉಡಿದಾರ ಕಟ್ಟಬೇಕು. ಕಟ್ಟಬೇಕಾದವನು ತಾಯಿಯ ಅಪ್ಪ. ಬೇರೆ ಯಾರೂ ಕಟ್ಟುವ ಹಾಗಿಲ್ಲ. ಒಳಕೋಣೆಯಲ್ಲಿ ದೀಪ ಹಚ್ಚಿತ್ತು. ಅಜಿತ್ ಹೊರಗೆ ಬೇಕರಿಯಿಂದ ತಂದ ಮೈಸೂರುಪಾಕನ್ನು ಕೇರಿಯವರಿಗೆ ಹಂಚುತ್ತಿದ್ದ. ಗಿರಿಜಾ ಅರಸಿನ ಹಚ್ಚಿದ ನೂಲನ್ನು ತಂದು ಗಂಡನ ಕೈಗಿಟ್ಟಳು. ಶರಣ್ಯಾ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಟ್ಟೆ ಸರಿಸಿ, ಅಪ್ಪಯ್ಯನ ಮುಖ ನೋಡಿದಳು.

ಲೀಲಾಧರನ ಕೈಯಿಂದ ನೂಲು ಜಾರಿ ನೆಲಕ್ಕೆ ಬಿತ್ತು.

"ನನ್ನತ್ರ ಆಪ್ದಿಲ್ಲ," ಎಂದ.

"ಎಂತ ಆಪ್ದಿಲ್ಲ? ಹುಟ್ಟಿದ್ದಾಗಿಂದ್ ಗಂಟ್ ಹಾಕ್ತಾ ಬಂದವ್ರ್ ನೀವ್!" ಎಂದಳು ಗಿರಿಜಾ.

"ಅದೇ ಮಾರಾಯ್ತಿ, ಅದಕ್ಕೇ ಆಪ್ದಿಲ್ಲ!" ಲೀಲಾಧರ ಗೋಡೆಗೊರಗಿ ಕುಸಿದು ಕೂತ. ಕಣ್ಣಲ್ಲಿ ದಳದಳ ನೀರು. "ಆ ಬಳ್ಳಿ ಗಂಟ್ ಹಾಕ್ದದ್ ನಾನ್. ಪ್ರೇಮಾನಂದ ಕಲ್ಲ್‌ಗುಂಡಿನಾಂಗ್ ಇದ್ದ, ಅವ್ನಿಗ್ ಎಂತದೂ ಆಯ್ಲಿಲ್ಲ. ನಾನ್ ದಿನಾ ಗಂಗೊಳ್ಳಿಗ್ ಹೋಯಿ ಚಂದುನ ಬಲಿ ಕಟ್ತಿದ್ದೆ. ಇನ್ನೊಂಚೂರ್ ಆಗಿದ್ರೆ ನನ್ ಕೈಯಗೇ ಮೊಮ್ಮಗ್ಳ್ ಹೋತಿದ್ಲ್. ಈ ಕೈಯಗೆ ಅವ್ಳನ್ನ್ ಹ್ಯಾಂಗ್ ಮುಟ್ಲಿ?"

ಗಿರಿಜಾಳ ಮೂಗಿನ ಹೊಳ್ಳೆ ಅರಳಿತು. ಅವಳು ಬಾಯಿ ತೆರೆಯುವ ಮುಂಚೆಯೇ ಶರಣ್ಯಾ ಕೈಯೆತ್ತಿದಳು. ಅವಳ ಕಣ್ಣೂ ಒದ್ದೆಯಾಗಿತ್ತು, ಆದರೆ ಮುಖದ ಮೇಲಿನ ಆ ಕೆಲವು ದಿನಗಳ ಬಿಗು ಸಡಿಲಾಗಿತ್ತು.

"ಇಷ್ಟೇಯಾ ಅಪ್ಪಯ್ಯ? ಇದಕ್ಕಾ ನೀವ್ ದೂರ ನಿಂತದ್ದ್? ಕೇಣಿ ಇಲ್ಲಿ, ಬಳ್ಳಿಗ್ ಗಂಟ್ ಬೀಳುದ್ ಹೆಚ್ಚಾಗಿ ಮೂರ್ನೇ ತಿಂಗ್ಳ್ ಹೊತ್ತಿಗೆ. ಮಗು ಬೆರಳಷ್ಟ್ ಉದ್ದ ಇಪ್ಪತಿಗೆ, ಒಳ್ಗೆ ಜಾಗ ಬೇಕಾದಷ್ಟ್ ಇಪ್ಪತಿಗೆ. ನೀವ್ ಗಂಗೊಳ್ಳಿಗ್ ಹೋದದ್ ದೀಪಾವಳಿ ಆದ್ಮೇಲೆ. ಅಷ್ಟೊತ್ತಿಗೆ ಗಂಟ್ ಬಿದ್ದ್ ಹಳ್ತಾಯಿತ್ತ್."

ಲೀಲಾಧರ ತಲೆಯೆತ್ತಿದ. ಮುಖದಲ್ಲಿ ಬೆಳಕು ಬಂತು. ಬಂದದ್ದು ಹಾಗೇ ನಿಂತಿದ್ದರೆ ಚೆನ್ನಾಗಿತ್ತು. ಅವನು ಮನಸ್ಸಿನಲ್ಲೇ ತಿಂಗಳು ಎಣಿಸತೊಡಗಿದ.

"ಮೂರ್ನೇ ತಿಂಗ್ಳ್ ಅಂದ್ರೆ ಆಸಾಡಿ ಅಲ್ದಾ?"

"ಹೌದ್."

"ಆಸಾಡಿಯಗೆ ದೋಣಿ ಎಲ್ಲಾ ದಡದ ಮೇಲಿತ್ತ್. ಊರ್ ಬಲಿ ಪೂರಾ ನನ್ ಜಗಲಿ ಮೇಲಿತ್ತ್. ನೀನ್ ಸುದ್ದಿ ಹೇಳಿದ್ದೇ ನಾಲ್ಕ್ನೇ ತಿಂಗ್ಳಗೆ. ಗೊತ್ತಿಲ್ದೆ ನಾನ್ ಇಡೀ ಮಳೆಗಾಲ ಗಂಟ್ ಹಾಕಿದ್ದೇ ಹಾಕಿದ್ದ್!" ಅವನು ಹಣೆ ಚಚ್ಚಿಕೊಂಡ. "ಹಾಂಗಾರೆ ನಾನೇ. ಸಂಶಯವೇ ಇಲ್ಲ."

ವಿಜ್ಞಾನ ಹೋಗಿ ಅವನ ಕೊರಳಿಗೇ ಸುತ್ತಿಕೊಂಡಿತ್ತು. ಶರಣ್ಯಾ ಅಮ್ಮನ ಕಡೆ ನೋಡಿದರೆ, ಬೈಗಳ ಮಳೆ ಸುರಿಸಬೇಕಾದ ಗಿರಿಜಾ ಬಿಳಿಚಿಕೊಂಡು ನಿಂತಿದ್ದಳು. ಅವಳ ಕೈ ಮೆಲ್ಲಗೆ ತನ್ನ ತಲೆಯ ಹಿಂದಕ್ಕೆ ಹೋಗಿ, ಮುಡಿದ ಅಬ್ಬಲಿಗೆ ಹೂವಿನ ದಂಡೆಯನ್ನು ಮುಟ್ಟಿತು.

"ನಾನ್ ಹೂಗ್ ಕಟ್ಟಿದ್ದ್?" ಎಂದಳು.

ಗಿರಿಜಾ ದಂಡೆಯನ್ನು ಕಿತ್ತು ಕೈಯಲ್ಲಿ ಹಿಡಿದಳು.

"ದಿನಾ ಬೆಳ್ಗೆ ಎದ್ದ್, ಬಾಳೆನಾರಗೆ... ದೇವ್ರಿಗೊಂದ್ ದಂಡೆ, ನಿಂಗೊಂದ್ ದಂಡೆ. ಈ ಮನಿಯಗೇ. ನಿನ್ ಬಗ್ಲಗೇ ಕೂಕಂಡ್ ಕಟ್ದೆ ಹೆಣ್ಣೆ, ಪ್ರತಿ ಹೂಗಿಗೂ ಒಂದೊಂದ್ ಗಂಟ್. ಅದನ್ನೇ ನಿನ್ ತಲೆಗೆ ಮುಡಿಸ್ದೆ!" ಗಿರಿಜಾ ಗಂಡನ ಪಕ್ಕದಲ್ಲಿ ದೊಪ್ಪನೆ ಕೂತಳು. "ಹ್ವಾಯ್, ನಿಮ್ಮನ್ ಕಾದದ್ದೇ ಕಾದದ್ದ್. ನನ್ನ್ ಕಾಂಬುಕೆ ಯಾರಿದ್ರ್?"

ಗೋಡೆಗೊರಗಿ ಸಾಲಾಗಿ ಕೂತ ಇಬ್ಬರು ಅಪರಾಧಿಗಳನ್ನು ನೋಡಿ ಶರಣ್ಯಾಳಿಗೆ ತಡೆಯಲಾಗಲಿಲ್ಲ. ಬಿದ್ದು ಬಿದ್ದು ನಕ್ಕಳು. "ನೆಗಾಡಿಸ್ಬೇಡಿ ನನ್ನ, ಹೊಲಿಗೆ ಎಳಿತ್ತ್!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. ಗಿರಿಜಾ ಮೊದಲು ಕಣ್ಣು ಕೆಕ್ಕರಿಸಿದಳು. ಆಮೇಲೆ ಅವಳಿಗೂ ನಗು ಬಂತು. ಲೀಲಾಧರನಿಗೆ ಮಾತ್ರ ಬರಲಿಲ್ಲ.

ಶರಣ್ಯಾ ಅದನ್ನು ಗಮನಿಸಿದಳು. ಕಣ್ಣೊರೆಸಿಕೊಂಡು, ಈ ಸಲ ತುಂಬಾ ನಿಧಾನವಾಗಿ ಹೇಳಿದಳು.

"ಅಪ್ಪಯ್ಯ, ಗಂಟ್ ಬಿದ್ದದ್ದನ್ನೇ ಹೇಳ್ತ್ರಿ. ಬಿದ್ದ್ ಆರ್ ತಿಂಗ್ಳ್ ಇವ್ಳ್ ಹ್ಯಾಂಗ್ ಬದ್ಕಿದ್ಲ್ ಅಂತ ಕೇಂಬುದಿಲ್ಯಾ?"

ಅವನು ಗೋಡೆ ಬಿಟ್ಟು ಮುಂದಕ್ಕೆ ಸರಿದು ಕೂತ.

"ಬಳ್ಳಿಯೊಳ್ಗೆ ರಕ್ತದ ನಾಳ ಹೋತ್ತ್. ಅದ್ರ ಸುತ್ತ ಎಳನೀರ್ ಬೊಂಡದ ಗಂಜಿಯಾಂಗೆ ಒಂದ್ ಲೋಳಿ ಇತ್ತ್. ಆ ಲೋಳಿ ಎಂತ ಗೊತ್ತಿತ್ತಾ? ನಾನ್ ಹೇಳ್ತಿದ್ನಲೆ, ಅದೇ ನೂಲ್. ಒಂದ್ ಪ್ರೋಟೀನ್ ಬಂದ್ ಆ ನೂಲನ್ನ್ ಹಿಡ್ಕಂತ್ತ್. ಅದೊಂದೇ ಆದ್ರೆ ಹಿಡಿತ ಸಡ್ಲ. ಇನ್ನೊಂದ್ ಸಣ್ಣದ್ ಬಂದ್ ಇಬ್ರನ್ನೂ ಒಟ್ಟಿಗೆ ಅಪ್ಪಿ ಹಿಡಿತ್ತ್. ಮತ್ತೆ ಬಿಡುದಿಲ್ಲ. ಹಾಂಗೆ ಬಳ್ಳಿ ಉದ್ದಕ್ಕೂ, ಲೆಕ್ಕ ಇಲ್ದಷ್ಟ್. ಅದ್ರ ನಡುವೆ ನೀರ್ ಗಟ್ಟಿಯಾಯಿ ನಿಂತಿತ್ತ್. ಹೊರ್ಗೆ ಗಂಟ್ ಬಿಗಿತಾ ಬಂದ್ರೂ ಆ ನೀರ್ ಜಾಗ ಬಿಟ್ ಕೊಡ್ಲಿಲ್ಲ. ನಾಳ ಅಪ್ಪಚ್ಚಿ ಆಯ್ಲಿಲ್ಲ. ಡಾಕ್ಟ್ರ್ ಕೈ ಹಾಕುವರೆಗೂ ಇವ್ಳಿಗ್ ರಕ್ತ ಹೋತಾ ಇತ್ತ್."

"ಅಂದ್ರೆ ಅದ್ರೊಳ್ಗೂ ಗಂಟಿತ್ತಾ?" ಲೀಲಾಧರ ಮೆಲ್ಲಗೆ ಕೇಳಿದ.

"ಗಂಟ್ ಅಂತ್ಲೇ ಹೇಳಿ. ಅದೆಲ್ಲ ಬಿಚ್ಚಿದ್ರೆ ನನ್ ಮಗು ಇರ್ತಿರ್ಲಿಲ್ಲ ಅಪ್ಪಯ್ಯ."

"ನಾನ್ ಮನಿಯಗಿದ್ದದ್ ಎಲ್ಲಾ ಬಿಚ್ಚಿ ಹಾಕಿದ್ನಲೆ!" ಎಂದು ಗಿರಿಜಾ ಗಾಬರಿಯಾದಳು.

"ಪುಣ್ಯಕ್ಕೆ ಒಳ್ಗಿನದ್ ನಿನ್ ಕೈಗ್ ಸಿಕ್ಲಿಲ್ಲ ಅಮ್ಮ." ಶರಣ್ಯಾ ಮತ್ತೆ ಅಪ್ಪಯ್ಯನ ಕಡೆ ತಿರುಗಿದಳು. "ಇನ್ನ್ ಹೊರ್ಗಿನ ಗಂಟ್. ಅದನ್ನ್ ನೀವೂ ಹಾಕ್ಲಿಲ್ಲ, ಅಮ್ಮನೂ ಹಾಕ್ಲಿಲ್ಲ. ಬಳ್ಳಿ ಒಳ್ಗೆ ಸುತ್ತಿಕ್ಕಂಡ್ ಕುಣಿಕೆಯಾಂಗೆ ಆಯಿತ್ತ್. ಇವ್ಳ್ ಈಜ್ತಾ ಈಜ್ತಾ ಆ ಕುಣಿಕೆಯೊಳ್ಗೆ ತಲೆ ಹಾಕಿ ಆಚೆ ಬಂದಿದ್ಲ್. ಅಷ್ಟೇ. ಕಡಲ ಮನಿ ಹೆಣ್ಣ್, ಸುಮ್ನೆ ಕೂಕಂಬುಕೆ ಬತ್ತಾ?"

ಲೀಲಾಧರ ಬಹಳ ಹೊತ್ತು ಮಗುವನ್ನು ನೋಡಿದ. ಅದು ಆಕಳಿಸಿ, ಎರಡೂ ಕೈ ಗಾಳಿಯಲ್ಲಿ ಆಡಿಸುತ್ತಾ ಇತ್ತು. ಬೆರಳುಗಳು ಒಂದು ಗಳಿಗೆ ಸುಮ್ಮನಿರಲಿಲ್ಲ. ಅವನು ಎದ್ದು ಬಚ್ಚಲಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದುಕೊಂಡು ಬಂದ. ಬಂದವನೇ ಮೊದಲು ಮಗುವನ್ನು ಎತ್ತಿ ಎದೆಗವಚಿಕೊಂಡ. ಎಷ್ಟು ದಿನದ ಆಸೆಯೋ, ನೆತ್ತಿ ಮೂಸಿದ, ಕಿವಿ ಮೂಸಿದ, ಅಂಗಾಲು ಮೂಸಿದ. ಗಿರಿಜಾ, "ಸಾಕ್ ಮಾರ್ರೆ, ಮುಹೂರ್ತ ಹೋತ್ತ್," ಎನ್ನುವವರೆಗೂ ಬಿಡಲಿಲ್ಲ.

ಆಮೇಲೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನೆಲದಲ್ಲಿ ಬಿದ್ದಿದ್ದ ಕರಿನೂಲನ್ನು ಎತ್ತಿ, ಆ ಪುಟ್ಟ ಸೊಂಟದ ಸುತ್ತ ತಂದ. ಈಗ ನೂಲು ಜಾರಲಿಲ್ಲ. ಒಂದು ಬೆರಳು ಒಳಗೆ ತೂರಿಸಿ ಅಷ್ಟು ಜಾಗ ಬಿಟ್ಟುಕೊಂಡು, ಬಗ್ಗಿ, ಮಗುವಿನ ಕಿವಿಯ ಹತ್ತಿರ ಹೇಳಿದ.

"ನಿನ್ ಗಂಟ್ ನೀನೇ ಹಾಯ್ಕಂಡ್ ಬಂದೆ ಹೆಣ್ಣೆ. ಇದೊಂದ್ ನಾನ್ ಹಾಕ್ತೆ, ಆಯ್ತಾ?"

ಮಗು ಅವನ ಮುಖ ನೋಡಿತು. ಲೀಲಾಧರ ಗಂಟು ಹಾಕಿದ.